ಚಿನ್ನದ ಕೈಹಿಂಡು

ಮಂಗಳವಾರ ಸಂಜೆ, ಗ್ರಂಥಾಲಯದ ನೆಲಮಾಳಿಗೆ.
ಹೊರಗೆ ಮೂರು ಗಂಟೆಗೇ ಕತ್ತಲಾದ ಹೌಕಿಸಾಲ್ಮಿ.
ಹೊದಾನ್ ಪತ್ರಿಕೆಯ ಮೇಲೆ ಬೆರಳಿಟ್ಟು ಕೇಳಿದಳು:
"ಆವುಲಿಕ್ಕಿ ಟೀಚರ್, ಈ ಮಾತಿಗೆ ಏನರ್ಥ?
ಕುಲ್ತಾಯ್ನೆನ್ ಕ್ಯಾದೆನ್‌ಪುರಿಸ್ತುಸ್."

ಬಿಡಿಸಿ ಹೇಳಿದೆ. ಕುಲ್ತಾ, ಚಿನ್ನ. ಕ್ಯಾಸಿ, ಕೈ.
ಪುರಿಸ್ತುಸ್ ಅಂದರೆ ಹಿಂಡುವುದು.
ಫಿನ್ನಿಷ್‌ನಲ್ಲಿ ನಾವು ಕೈ ಕುಲುಕುವುದಿಲ್ಲ, ಹಿಂಡುತ್ತೇವೆ;
ಲಿಂಗನ್‌ಬೆರಿಯ ರಸ ತೆಗೆಯುವಾಗಲೂ
ಇದೇ ಕ್ರಿಯಾಪದ.

"ಹಾಗಾದರೆ ರಸ ಯಾರದು?"
ಅವಳು ತಮಾಷೆಗೆ ಕೇಳಲಿಲ್ಲ.
ನೋಟ್‌ಬುಕ್ಕು ತೆರೆದಿತ್ತು, ಪೆನ್ನು ಕಾಯುತ್ತಿತ್ತು.

ಬಳಕೆಯನ್ನೂ ಹೇಳಬೇಕಲ್ಲ.
ಗರಗಸದ ಮಿಲ್ಲು ಮುಚ್ಚಿದ ವರ್ಷ ನಿರ್ದೇಶಕರು ಹೋದರು.
ಇದ್ದದ್ದು ಇಪ್ಪತ್ತು ತಿಂಗಳು,
ಒಯ್ದದ್ದು ಹದಿನಾಲ್ಕು ಲಕ್ಷ ಯೂರೋ.
ಆಗ ಪತ್ರಿಕೆಯವರು ಬರೆಯುವ ಮಾತು ಇದು.
ವಾಕ್ಯ ನೋಡಿಕೋ: ಪಡೆದವನು ಕರ್ತೃ.
ಯಾರ ಪಾಲಿನಿಂದ ಬಂತೆಂದು ಹೇಳುವ ವಿಭಕ್ತಿ
ಇದೆ, ಯಾರೂ ಬಳಸುವುದಿಲ್ಲ.

ಅಲ್ಲಿಗೆ ಪಾಠ ಮುಗಿಸಬಹುದಿತ್ತು.
ಆದರೆ ಅದೇ ಮಿಲ್ಲಿನಲ್ಲಿ, ಎಪ್ಪತ್ತೊಂದರ ಮಾರ್ಚಿನಲ್ಲಿ,
ನನ್ನಪ್ಪ ಆರ್ಮಾಸನ ಎರಡು ಬೆರಳು
ಸ್ಪ್ರೂಸ್ ಹಲಗೆಯ ಜೊತೆ ಹೋದವು.
ಕಚೇರಿಯಲ್ಲೊಂದು ಪಟ್ಟಿ ಇತ್ತು:
ತೋರುಬೆರಳಿಗೆ ಇಷ್ಟು, ನಡುಬೆರಳಿಗೆ ಇಷ್ಟು,
ಬಲಗೈಯಾದರೆ ತುಸು ಹೆಚ್ಚು.
ಬಲಗೈಯೇ. ಹೆಚ್ಚೇ ಕೊಟ್ಟರು.

ಅಪ್ಪ ಎಡಚ.
ಗಾಯದ ಬಟ್ಟೆ ಬಿಚ್ಚುವ ಮೊದಲೇ ವಾಪಸು ಹೋದ,
ಟೋಪಿ ಕಂಕುಳಲ್ಲಿ, ಲಕೋಟೆ ಮೇಜಿನ ಮೇಲೆ:
"ನಾನು ಬರೆಯುವುದು, ಕೊಡಲಿ ಹಿಡಿಯುವುದು ಈ ಕೈಯಲ್ಲಿ.
ನೀವು ಕೊಟ್ಟದ್ದು ಜಾಸ್ತಿಯಾಯಿತು."
ಗುಮಾಸ್ತೆ ಪಟ್ಟಿ ತಿರುವಿ ತಿರುವಿ ನೋಡಿದಳಂತೆ.
ಹಿಂದಕ್ಕೆ ಪಡೆಯಲು ಕಾಲಮ್ಮೇ ಇರಲಿಲ್ಲ.
ಆ ಶರತ್ಕಾಲ ಒಂದು ಬಕೆಟ್ ಲಿಂಗನ್‌ಬೆರಿ
ಅವಳ ಬಾಗಿಲಲ್ಲಿಟ್ಟು ಬಂದ. ಮರುವರ್ಷವೂ.
ಅವಳು ನಿವೃತ್ತಳಾಗುವವರೆಗೂ.
ಅಮ್ಮ ಬೈಯುತ್ತಿದ್ದಳು, ಇನ್ನೆಷ್ಟು ತೀರಿಸುತ್ತೀಯ, ಎಂದು.

ನಿರ್ದೇಶಕರು ಹೊರಟ ದಿನ ಗೇಟಿನಲ್ಲಿ
ಸಾಲಾಗಿ ಎಲ್ಲರ ಕೈ ಹಿಂಡಿದರು.
ಅಪ್ಪನ ಹತ್ತಿರ ಬಂದಾಗ ಅವರ ಹಿಡಿತ
ಒಂದು ಕ್ಷಣ ಬೆರಳು ಹುಡುಕಿತು,
ಸಿಗದೆ, ಬಿಟ್ಟಿತು.

ಇಷ್ಟನ್ನೆಲ್ಲ ಹೇಳಿದೆನೋ, ಅರ್ಧ ನುಂಗಿಕೊಂಡೆನೋ.
ಕಲಿಯುವವರ ಮುಂದೆ ಸರಳ ಭೂತಕಾಲದಲ್ಲೇ
ಮಾತಾಡಬೇಕು.

ಹೊದಾನ್ ತುಟಿ ಕಚ್ಚಿಕೊಂಡು ಬರೆದಳು,
ನೋಟ್‌ಬುಕ್ಕನ್ನು ನನ್ನತ್ತ ತಿರುಗಿಸಿದಳು:
"ಆರ್ಮಾಸ್ ಚಿನ್ನದ ಕೈಹಿಂಡು ಪಡೆದರು.
ಹಣ್ಣಿನಲ್ಲಿ ಹಿಂದಿರುಗಿಸಿದರು."

ವ್ಯಾಕರಣ ಸರಿಯಿತ್ತು.
ಬಳಕೆ ತಪ್ಪೆಂದು ಗುರುತು ಹಾಕಬೇಕಿತ್ತು.
ಅಷ್ಟರಲ್ಲಿ ಅವಳ ಏಳೂ ಹತ್ತರ ಬಸ್ಸಿಗೆ
ಹೊತ್ತಾಗಿತ್ತು.