ಕೋಟು ನೇತುಹಾಕಿದ ಗೋಡೆ

ಲೇವಾರ್ಡೆನ್ನಿನ ಪುರಭವನ, ಫೆಬ್ರವರಿಯ ಒಂದು ಮಂಗಳವಾರ.
ನಾಲ್ಕು ಗೋಡೆಗೂ ಒಂದೇ ಇಸವಿ ಅಂಟಿಸಿದ್ದರು:
ಎರಡು ಸಾವಿರದ ನಲವತ್ತು.
ನಡಾವಳಿ ಬರೆಯುವವಳು ನಾನು.
ನನಗೆ ಗೋಡೆಯಿಲ್ಲ, ಒಂದು ಕುರ್ಚಿ.

ಮೊದಲ ಗೋಡೆಯಲ್ಲಿ ಔಷಧದ ಬೆಲೆ ಇಳಿದು
ಬೆಣ್ಣೆಯ ಹಾಗೆ ಅಂಗಡಿಯಲ್ಲಿ ಸಿಗುತ್ತಿತ್ತು.
ಎರಡನೆಯದರಲ್ಲಿ ಕಂಪನಿ ಬಾಗಿಲು ಹಾಕಿ
ಸೂತ್ರವನ್ನೂ ಜೊತೆಗೇ ಒಯ್ದಿತ್ತು.
ಮೂರನೆಯದರಲ್ಲಿ ಹಸುಗೂಸಿನ ಹಿಮ್ಮಡಿಯ ಒಂದು ಹನಿ ರಕ್ತ
ಮುಂದಿನದ್ದನ್ನೆಲ್ಲ ಹೇಳಿಬಿಡುತ್ತಿತ್ತು,
ವಿಮೆಯವರಿಗೂ.
ನಾಲ್ಕನೆಯದರಲ್ಲಿ ಏನೂ ಬದಲಾಗಿರಲಿಲ್ಲ.
ಅದರ ಮೇಲೆ ಎಲ್ಲರೂ ಕೋಟು ನೇತುಹಾಕಿದ್ದರು.

"ನಿಮ್ಮ ಭವಿಷ್ಯದ ಎದುರು ನಿಲ್ಲಿ" ಎಂದ ಹೇಗ್‌ನಿಂದ ಬಂದ ಸಂಚಾಲಕ,
ತಲೆಗೆ ಐದರಂತೆ ಹಸಿರು ಚುಕ್ಕೆ ಹಂಚುತ್ತ.
ಖಜಾನೆಯ ಸ್ಯೂರ್ಡ್ ಎರಡನೆಯದರ ಹತ್ತಿರ, ಕೈಕಟ್ಟಿ;
ವೈದ್ಯರಿಬ್ಬರು ಮೂರಕ್ಕೆ;
ಒಂದನೆಯದರ ಮುಂದೆ ನೂಕುನುಗ್ಗಲು.

ಹಿಸ್ಕೆ ಎದ್ದಿರಲಿಲ್ಲ.
ಅವಳ ಬೆನ್ನುಚೀಲದಲ್ಲಿ ಪಂಪು ಗುಂಯ್‌ಗುಡುತ್ತಿತ್ತು:
ಹದಿನೈದು ದಿನಕ್ಕೊಮ್ಮೆ ನಾಲ್ಕು ತಾಸು,
ವರ್ಷಕ್ಕೆ ಮೂರು ಲಕ್ಷ ಯೂರೋ.
ಆ ಅಂಕಿ ಅವಳೆದುರೇ ಪರದೆಯ ಮೇಲೆ ಮೂರು ಸಲ ಬಂತು.
ಮೂರನೇ ಸಲ ಅವಳು ಬಿಸ್ಕತ್ತು ಮುರಿದಳು.

ಪಕ್ಕದಲ್ಲಿ ಡೌವೆ, ಕಡಲ ಒಡ್ಡು ಕಾಯ್ದು ನಿವೃತ್ತನಾದವ,
ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹದಿನಾಲ್ಕು ತಿಂಗಳಿಂದ ಸರದಿಯಲ್ಲಿ.
"ನಿನ್ನ ಒಂದು ವರ್ಷದಲ್ಲಿ ಇಪ್ಪತ್ತು ಮೊಣಕಾಲಿವೆ" ಎಂದ,
ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವ ಹಾಗೆ.
"ಗೊತ್ತು. ನಾನೂ ಎಣಿಸಿದ್ದೇನೆ."

ಆಮೇಲೆ ಎದ್ದು, ಕೋಟುಗಳನ್ನು ಒಂದೊಂದಾಗಿ ಇಳಿಸಿ
ಮೇಜಿನ ಮೇಲೆ ಮಡಚಿಟ್ಟಳು.
ಐದೂ ಚುಕ್ಕೆ ಅಲ್ಲೇ ಅಂಟಿಸಿದಳು.
"ಇಲ್ಲಿ ಯಾರೂ ನಿಲ್ಲದಿದ್ದರೆ ಇದೇ ಬರುತ್ತದೆ.
ಬಂದಾಗ ನನಗೆ ನಲವತ್ತೇಳು.
ಯಾವ ಹಾಳೆಯಲ್ಲೂ ನನ್ನ ವಯಸ್ಸು ಹಾಕಿಲ್ಲ."

ಸಂಚಾಲಕ ಗಡಿಯಾರ ನೋಡಿದ.
ಡೌವೆ ಕುಂಟುತ್ತ ಹೋಗಿ ಅವಳ ಬದಿಗೆ ನಿಂತ:
"ನಾಲ್ಕು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಕಡಲಿಗೆ
ಮೂವತ್ತು ವರ್ಷ ಮಣ್ಣು ಹೊತ್ತಿದ್ದೇನೆ.
ಯಾರೂ ಮೀನಮೇಷ ಎಣಿಸಲಿಲ್ಲ.
ಇವಳು ನಲವತ್ತು ಸಾವಿರಕ್ಕೊಬ್ಬಳು. ಬಂದೇಬಿಟ್ಟಿದ್ದಾಳಲ್ಲ."
ಸ್ವಲ್ಪ ತಡೆದು, ನನ್ನ ಕಡೆ ತಿರುಗಿ:
"ಮೊಣಕಾಲು ನೋಯುವುದೂ ನಿಜ. ಅದನ್ನೂ ಬರೆದುಕೊ."

ಬರೆದುಕೊಂಡೆ.
ನಮೂನೆಯಲ್ಲಿ ನಾಲ್ಕು ಕಲಮು: ಸಾಧ್ಯತೆ, ಪರಿಣಾಮ, ವೆಚ್ಚ, ಷರಾ.
ಷರಾದಲ್ಲಿ ಅಷ್ಟು ಜಾಗವಿರಲಿಲ್ಲ,
ಅಕ್ಷರ ಅಂಚಿಗೆ ಹೊರಳಿತು.
ಅಷ್ಟರಲ್ಲಿ ಪಂಪು ಕೂಗಿತು, ಔಷಧ ಮುಗಿದಿತ್ತು.
ಎಲ್ಲರೂ ತಮ್ಮ ತಮ್ಮ ಫೋನು ಮುಟ್ಟಿ ನೋಡಿಕೊಂಡರು.