ಬೇಳೆ ಬೇಯದ ನೀರು

ನಮ್ಮ ಬೀದಿಯ ಬೋರಿನ ನೀರಲ್ಲಿ
ಯಾರ ಬೇಳೆಯೂ ಬೇಯುವುದಿಲ್ಲ.
ಮಾತಿಗೆ ಹೇಳಿದ್ದಲ್ಲ, ತೊಗರಿಬೇಳೆಯೇ.
ಏಳು ಸೀಟಿ ಕೂಗಿದರೂ ಕಾಳು ಕಾಳೇ.
ಬಿಂದಿಗೆಯೊಳಗೆ ಸುಣ್ಣದ ಪದರ,
ಸೋಪಿಗೆ ನೊರೆಯಿಲ್ಲ, ಬರೀ ಜಿಗುಟು.
ಮದುವೆಯಾಗಿ ರಾಯದುರ್ಗಕ್ಕೆ ಬಂದು ಹದಿನಾರು ವರ್ಷ,
ಈ ನೀರನ್ನು ಬೈಯದೆ ಒಂದು ಬೆಳಗು ಕಳೆದಿಲ್ಲ.

ಬಳ್ಳಾರಿಯ ಮೀನಂಗಡಿಯಲ್ಲಿ ಖಾಸಿಂವಲಿ
ನಾನು ಬಾಟಲಿಯಲ್ಲಿ ಒಯ್ದ ಅದೇ ನೀರಿಗೆ
ಮೂರು ಹನಿ ಮದ್ದು ಬಿಟ್ಟು, ಅಲ್ಲಾಡಿಸಿ,
ಬಾಗಿಲ ಬೆಳಕಿಗೆ ಹಿಡಿದ. ಕಡುನೀಲಿ.
‘ಅಕ್ಕಾ, ಇಂಥ ನೀರು ಮಾಡಾಕ
ಜನ ರೊಕ್ಕ ಕೊಟ್ಟು ಪುಡಿ ಒಯ್ತಾರ.
ನಿಮಗ ನಲ್ಲ್ಯಾಗ ಬರತೈತಿ.’
ಆಫ್ರಿಕದಲ್ಲಿ ಮಲಾವಿ ಅಂತ ಒಂದು ಸರೋವರವಂತೆ.
ದಡದಲ್ಲಿ ಬಂಡೆ, ತಳದಲ್ಲಿ ಬಂಡೆ, ನೀರು ಗಡಸು.
ನಮ್ಮೂರ ಗುಡ್ಡವನ್ನೇ ಮುಳುಗಿಸಿಟ್ಟ ಹಾಗೆ.

ತೊಟ್ಟಿ ಹೊಸದಲ್ಲ.
ಬಾಗಿಲು ಹಾಕಿದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನದು.
ನಾಲ್ಕಡಿ ಗಾಜು, ಮೂಲೆಯಲ್ಲೊಂದು ಗೀರು,
ಎಷ್ಟು ಬಾವು ಬಂದ ದವಡೆಗಳನ್ನು ನೋಡಿತ್ತೋ.
ಎರಡು ತಿಂಗಳ ಜೀನ್ಸ್ ಜಿಪ್ಪುಗಳ ಕೂಲಿ ಅದಕ್ಕೆ ಹೋಯಿತು.
ಕಟಿಂಗ್ ಟೇಬಲ್ಲಿನ ಕಬ್ಬಿಣದ ಕಾಲು,
ಅದರ ಮೇಲೆ ಹಲಗೆ, ಟಿವಿ ಡಬ್ಬಿಯ ಥರ್ಮಕೋಲು.
ಮೊದಲು ಕಲ್ಲು, ಆಮೇಲೆ ಮರಳು.
ಮರಳ ಮೇಲೆ ಕಲ್ಲಿಟ್ಟರೆ ಬುಡ ತೋಡಿ ತೋಡಿ
ತಮ್ಮ ಮೇಲೇ ಮನೆ ಕೆಡವಿಕೊಳ್ಳುತ್ತವಂತೆ ಈ ಮೀನುಗಳು.
ನಿಂಬೆ ಹಿಂಡಿ ಬುರುಗು ಬಂದ ಕಲ್ಲನ್ನೆಲ್ಲ
ಆರಿಸಿ ಆರಿಸಿ ತಂದ ಹೊನ್ನೂರಪ್ಪ
ಒಂದರ ಮೇಲೊಂದು ಪೇರಿಸಿ, ಕೈಯಿಂದ ಅಲ್ಲಾಡಿಸಿ, ಮತ್ತೆ ಪೇರಿಸಿ,
ರಾತ್ರಿ ಹನ್ನೊಂದಾಯಿತು.

ನಂತರ ಒಂದು ತಿಂಗಳು ಏನೂ ಇಲ್ಲ.
ಇಲ್ಲದ ಮೀನಿಗೆ ದಿನಾ ಒಂದು ಚಿಟಿಕೆ ಕಾಳು.
ಕಣ್ಣಿಗೆ ಕಾಣದ ಜೀವಗಳು ಮೊದಲು ಒಕ್ಕಲಾಗಬೇಕು,
ಕೊಳೆತದ್ದನ್ನು ತಿಂದು ವಿಷವಿಳಿಸಲು ಕಲಿಯಬೇಕು.
ನೀರು ಅಕ್ಕಿ ತೊಳೆದ ಹಾಗೆ ಮಬ್ಬಾಯಿತು.
ಪಕ್ಕದ ಮಾರೆಕ್ಕ ದಿನಾ ಬಂದು ಇಣುಕುವಳು:
‘ಎಲ್ಲರೂ ಮೀನು ಸಾಕಿದರ ನೀ ನೀರು ಸಾಕ್ತೀಯೇನ?’
ಸಾಕಿದೆ.
ಒಂದು ದಿನ ಅದು ತಾನಾಗಿ ತಿಳಿಯಾಯಿತು.

ಹನ್ನೊಂದು ತಂದೆವು. ಐದು ಹಳದಿ.
ಉಳಿದವು ನೀಲಿ, ಜೀನ್ಸ್ ತೊಳೆಯುವ ಶೆಡ್ಡಿನಿಂದ ಬಂದ
ಹೊನ್ನೂರಪ್ಪನ ಉಗುರಿನ ನೀಲಿ.
ಮೂರನೇ ದಿನಕ್ಕೆ ಯುದ್ಧ. ದೊಡ್ಡ ನೀಲಿಯದು ಎಡಗಡೆಯ ಗವಿ,
ಅತ್ತ ಮೂತಿ ತೂರಿಸಿದವರ ರೆಕ್ಕೆ ಚೂರು.
‘ಕಲ್ಲು ಬದಲಿಸ್ರಿ’ ಅಂದ ಖಾಸಿಂವಲಿ ಫೋನಿನಲ್ಲಿ,
‘ಗಡಿ ಮರತು ಹೋಗತೈತಿ ಅವಕ್ಕ.’
ನಮ್ಮ ಮಾವ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ,
ಬೆಳೆದದ್ದು ಅನಂತಪುರ ಜಿಲ್ಲೆಯಲ್ಲಿ,
ಮನೆ ಬದಲಿಸದೆ.
ಶಾಲೆಯಲ್ಲಿ ಲೆಕ್ಕ ತೆಲುಗಿನಲ್ಲಿ ಕಲಿತು
ಸಾಲಗಾರರನ್ನು ಕಡೆಯವರೆಗೂ ಕನ್ನಡದಲ್ಲೇ ಬೈದರು.
ಕಲ್ಲು ಬದಲಿಸಿದೆವು. ಒಂದೆರಡು ದಿನ ಶಾಂತ.

ಆಮೇಲೆ ಹಳದಿಯೊಂದು ಊಟ ಬಿಟ್ಟಿತು.
ದವಡೆ ಊದಿ, ಕಲ್ಲ ಸಂದಿಗೆ ಸೇರಿ,
ಕಾಳು ಮೂಗಿನ ಮುಂದೆ ಇಳಿದರೂ ನೋಡದು.
ಹಲ್ಲಿನ ಡಾಕ್ಟರನ ಶಾಪವಿರಬೇಕು ಅಂದುಕೊಂಡೆ.
‘ಬಾಯಾಗ ಮರಿ ಇಟ್ಕೊಂಡಾಳ್ರಿ,
ಇಪ್ಪತ್ತು ದಿನ ಏನೂ ಉಣ್ಣಂಗಿಲ್ಲ.’

ಆ ಇಪ್ಪತ್ತು ದಿನ ನಾನು ಮಿಷನ್ನನ್ನು
ತೊಟ್ಟಿಯ ಎದುರಿಗೇ ಎಳೆದುಕೊಂಡು ಕೂತೆ.
ಕರೆಂಟು ಹೋದರೆ ನನ್ನ ಮೋಟಾರೂ ಅದರ ಗುಳ್ಳೆಯೂ
ಒಟ್ಟಿಗೇ ನಿಲ್ಲುತ್ತಿದ್ದವು; ನಾನು ಚೊಂಬಿನಲ್ಲಿ
ನೀರು ಮೊಗೆದು ಮೇಲಿಂದ ಸುರಿಯುತ್ತಿದ್ದೆ, ಮೊಗೆದು ಸುರಿಯುತ್ತಿದ್ದೆ.

ಇವತ್ತು ಮಾರೆಕ್ಕ ಹೊಸಿಲಲ್ಲಿ ನಿಂತು ಕೇಳಿದಳು,
‘ಈದಳೇನ ನಿನ್ನ ಮಗಳು?’
ಒಳಗೆ ಕುಕ್ಕರು ಎಂಟನೇ ಸಲ ಕೂಗಿತು,
ಬೇಳೆ ಇನ್ನೂ ಹಾಗೇ ಇದ್ದೀತು.
ಈ ನೀರನ್ನು ಬೈಯಬೇಕೆನಿಸಿತು, ಆಗಲಿಲ್ಲ.
ತುಟಿಗಳ ನಡುವೆ ಆರು ಗುಂಡುಪಿನ್ನು.
ಹ್ಞೂಂ ಅಂದೆ, ಮೂಗಿನಲ್ಲೇ,
ಗಾಜಿನ ಕಡೆ ಗದ್ದವೆತ್ತಿ.