ಫ್ರೆಟ್

ಸ್ಟೇತ್ಸ್ ಊರಿನ ಇಳಿಜಾರು ಓಣಿ, ಆಸಾ ವೆರಿಲ್‌ನ ಅಂಗಡಿ.
ಮ್ಯೂರಿಯಲ್ ಥೀಕರ್ ತಂದಿದ್ದಾಳೆ
ತಮ್ಮನ ಮ್ಯಾಂಡೊಲಿನ್, ದಿಂಬಿನ ಚೀಲದಲ್ಲಿ ಸುತ್ತಿ.
‘ಮೂರನೇ ಮೆಟ್ಟಿಲು ಗುರುಗುಟ್ಟುತ್ತದೆ, ನೋಡು.’
ಆತ ಕನ್ನಡಕ ಹಣೆಗೇರಿಸಿ, ಉಗುರಿನಿಂದ ಸವರಿ,
‘ಗುರುಗುಟ್ಟದೆ ಇನ್ನೇನು? ತಂತಿ ತಿಂದುಹಾಕಿದೆ ಹಿತ್ತಾಳೆಯನ್ನು.
ಫ್ರೆಟ್ಟನ್ನೇ ಫ್ರೆಟ್ ಮಾಡಿದೆ’ ಎಂದು ನಗುತ್ತಾನೆ.

ಅವಳು ನಗುವುದಿಲ್ಲ.

ಮೇಜಿನ ಕುಂಟುಕಾಲಿಗೆ ಆಸರೆಯಾಗಿ ಒಂದು ನಿಘಂಟು.
ಎಳೆದರೆ ಮೇಜು ವಾಲುತ್ತದೆ, ಅಂಟಿನ ಡಬ್ಬಿ ಜಾರುತ್ತದೆ;
ಆದರೂ ಎಳೆಯುತ್ತಾನೆ.
ಬಂದವರನ್ನು ಬರಿಗೈಲಿ ಕಳಿಸಬಾರದಲ್ಲ.

ಹಳೆಯ ಇಂಗ್ಲಿಷಿನಲ್ಲಿ ಅದು ಬರೀ ತಿನ್ನುವುದಲ್ಲ,
ತಿಂದು ತೀರಿಸುವುದು.
ತೋಳ ಕುರಿಯನ್ನು. ಬರಬರುತ್ತ ಹಲ್ಲು ಸಣ್ಣದಾಯಿತು:
ನುಸಿ ಉಣ್ಣೆಯನ್ನು, ತುಕ್ಕು ಲಂಗರನ್ನು,
ಹೊಳೆ ತನ್ನದೇ ದಡವನ್ನು.
ಕೊನೆಗೊಂದು ದಿನ
ಯಾರೋ ಒಬ್ಬಳು ಕಿಟಕಿಯಲ್ಲಿ ಕೂತು
ತನ್ನನ್ನೇ ತಿನ್ನತೊಡಗಿದಳು;
ಮಾತಿಗೆ ಹೊಸ ಅರ್ಥ ಬಂತು.

ನನಗೆ ನೆನಪಾದದ್ದು ನಮ್ಮ ‘ಕೊರೆ’.
ಹುಳು ಹಣ್ಣನ್ನು ಕೊರೆಯುತ್ತದೆ, ಬೈರಿಗೆ ಹಲಗೆಯನ್ನು,
ಕಡಲು ದಂಡೆಯನ್ನು, ಮಾಗಿಯ ಚಳಿ ಮೂಳೆಯನ್ನು;
ಯಾರೋ ಆಡಿಹೋದ ಒಂದು ಮಾತು
ರಾತ್ರಿಯೆಲ್ಲ, ಹಾಸಿಗೆಯಲ್ಲಿ.

ಬಾಗಿಲಾಚೆ ಮಂಜು. ಕಡಲಿಂದೆದ್ದು, ಸದ್ದಿಲ್ಲದೆ,
ಮೊದಲು ಅಲೆಗೋಡೆಯನ್ನು, ಆಮೇಲೆ ದೋಣಿಗಳ ಮೂತಿಗಳನ್ನು,
ಆಮೇಲೆ ಕೂಗನ್ನಷ್ಟೇ ಬಿಟ್ಟು ಕಡಲಹಕ್ಕಿಯನ್ನು.
ಈ ದಂಡೆಯ ಜನ ಅದಕ್ಕೂ ಫ್ರೆಟ್ ಎನ್ನುತ್ತಾರೆ.
‘ಇದೂ ತಿನ್ನುವುದರಿಂದಲೇ ಬಂದಿರಬೇಕು?’
ಆಸಾ ಪುಟ ತಿರುವುತ್ತಾನೆ. ‘ಮೂಲ ತಿಳಿಯದು ಅಂತಿದೆ.’
‘ಮತ್ತೆ ಈ ಮೆಟ್ಟಿಲು?’
‘ಇದಕ್ಕೂ ಅದೇ. ಊಹೆಗಳಿವೆ, ಸಾಕ್ಷಿಯಿಲ್ಲ.’

ಮ್ಯೂರಿಯಲ್ ಸ್ಟೂಲಿನ ಮೇಲೆ ಕೂರುತ್ತಾಳೆ.
ವಿಲ್ಫ್ ಮಂಜಿನಲ್ಲಿ ಸಿಕ್ಕಿಕೊಂಡದ್ದು ಹನ್ನೊಂದು ಸಲ.
ಎಣಿಸಿದ್ದೇನೆ. ಹನ್ನೊಂದು ಸಲವೂ ನಾನು ಕಿಟಕಿಯಲ್ಲಿ,
ಹೆಬ್ಬೆರಳಿನಿಂದ ಚೌಕಟ್ಟು ಉಜ್ಜುತ್ತ. ಅಲ್ಲಿ
ಬಣ್ಣ ಹೋಗಿ, ಮರವೂ ಹೋಗಿ, ಈಗ ಚಮಚದಷ್ಟು ಗುಳಿ.
ಹನ್ನೊಂದು ಸಲವೂ ಬಂದ, ಹಸಿದು, ಬೈಯುತ್ತ,
ಏಡಿಯ ಬುಟ್ಟಿ ಹೊಸ್ತಿಲಲ್ಲೇ ಬಿಟ್ಟು.
ಸತ್ತದ್ದು ರೆಡ್ಕಾರ್‌ನಲ್ಲಿ, ಒಳ್ಳೆ ಬಿಸಿಲಿನ ದಿನ,
ಹಲ್ಲಿನ ಡಾಕ್ಟರ ಬಳಿ ಸರದಿಗೆ ಕೂತು,
ಮಡಿಲಲ್ಲಿ ಟೋಪಿ.
ಆವತ್ತು ನಾನು ಎಳ್ಳಷ್ಟೂ ಚಿಂತಿಸಿರಲಿಲ್ಲ.
ಜಾಮ್ ಕಾಯಿಸುತ್ತಿದ್ದೆ.

ಆಸಾ ಏನೂ ಹೇಳುವುದಿಲ್ಲ.
ನಿಘಂಟನ್ನು ಮತ್ತೆ ಮೇಜಿನಡಿ ತುರುಕಿ,
ಇಕ್ಕಳದಿಂದ ಸವೆದ ಕಂಬಿಯನ್ನು ಮೆಲ್ಲಗೆ ಕೀಳುತ್ತಾನೆ.
ಕಿತ್ತಲ್ಲಿ, ಕರಿಮರದೊಳಗೆ, ಕೂದಲೆಳೆಯ ಸೀಳು;
ಅದರಲ್ಲಿ ಹಳೆಯ ಅಂಟಿನ ಪುಡಿ.
ಉಫ್ ಎಂದು ಊದುತ್ತಾನೆ.

‘ಗುರುವಾರ ಬಾ.’
‘ಮಂಜಿದ್ದರೆ?’
‘ಇದ್ದರೆ ಇರಲಿ. ಗೋಡೆ ಹಿಡಿದುಕೊಂಡು ಬಾ.’